ಅಗಲಿಕೆಯ ಗಾನಸಂಪುಟವೂ ಮೊದಲ ಶ್ರವಣವೂ

ಹಾಡುವವನ ಮುಖವನ್ನು ಕಾಣದೆ ಹಾಡನ್ನು ಮಾತ್ರ ಕೇಳಿ ಮನಸ್ಸನ್ನು ಸೋಲುವುದು ಯಂತ್ರಯುಗವು ತಂದ ಹೊಸ ಅನುಭವವೆಂದು ಅನೇಕರು ಭಾವಿಸಿರುವುದುಂಟು. ಕನ್ನಡ ಕಾವ್ಯದ ಪರಿಚಯವುಳ್ಳವರು ಈ ಮಾತನ್ನು ಒಪ್ಪಲಾರರು. 1209ರಲ್ಲಿ ಜನ್ನ ಮಹಾಕವಿಯು ರಚಿಸಿದ 'ಯಶೋಧರಚರಿತೆ'ಯಲ್ಲಿ ರಾಣಿ ಅಮೃತಮತಿಯು ಅರಮನೆಯ ಶಯ್ಯಾಗೃಹದಲ್ಲಿದ್ದುಕೊಂಡು, ಗಜಶಾಲೆಯ ಕಡೆಯಿಂದ ತೇಲಿಬಂದ ಮಾವಟಿಗನೊಬ್ಬನ ಗಾನವನ್ನು ಕೇಳುತ್ತಾಳೆ. ಅವನ ರೂಪವನ್ನು ಕಾಣುವುದಕ್ಕೆ ಮೊದಲೇ ತನ್ನನ್ನು ಆ ದನಿಗೆ ಒಪ್ಪಿಸಿಬಿಡುತ್ತಾಳೆ. ದೂತಿಯು ಹೋಗಿ ನೋಡಿಬಂದು ಅವನ ವಿಕಾರವನ್ನು ಎಷ್ಟು ಬಗೆಯಾಗಿ ವರ್ಣಿಸಿದರೂ ಆ ಸೋಲು ಹಿಂತಿರುಗುವುದಿಲ್ಲ. ಕವಿಯು ಈ ಕಥೆಯನ್ನು ಧರ್ಮೋಪದೇಶಕ್ಕಾಗಿ ಹೇಳಿದನು. ಆದರೆ ಅದರೊಳಗೆ ಗಾನಶ್ರವಣದ ಒಂದು ಸತ್ಯವೂ ಅಡಗಿದೆ. ಮೊದಲ ಬಾರಿಗೆ ಕೇಳಿದ ಹಾಡು ವಿವೇಕದ ಅನುಮತಿಯನ್ನು ಬೇಡುವುದಿಲ್ಲ. ಬಳಿಕ ದೊರೆತ ತಿಳಿವಳಿಕೆಯು ಮೊದಲಿನ ಕೇಳಿಕೆಯನ್ನು ಅಳಿಸಲಾರದು.

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದವನು. ಆ ಅರಸರ ರಾಜಧಾನಿಯಾಗಿದ್ದ ದೋರಸಮುದ್ರವು ಇಂದಿನ ಹಾಸನ ಜಿಲ್ಲೆಯೊಳಗೇ ಇದೆ. ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ, ಸಕಲೇಶಪುರದಿಂದ ಬಿಸಿಲೆ ಘಾಟಿಯ ಕಡೆಗೆ ಸಾಗುವ ದಾರಿಯಲ್ಲಿ ಹೆತ್ತೂರು ಇದೆ. ಕಾಫಿ, ಏಲಕ್ಕಿ, ಬತ್ತದ ಗದ್ದೆ, ಎಡೆಬಿಡದ ಮಳೆ — ಇವು ಆ ಸೀಮೆಯ ಬಾಳು. ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಒಂದರ ಹಿಂದೆ ಒಂದು ಹೊಯ್ಯುವಾಗ ದಾರಿಗಳು ಕೆಡುತ್ತವೆ, ವಿದ್ಯುತ್ತು ನಿಲ್ಲುತ್ತದೆ, ಮನೆಯವರು ಒಳಗೇ ಉಳಿಯುತ್ತಾರೆ. ಅಂಥ ಮನೆಗಳಲ್ಲಿ ಕೇಳುವ ಹಾಡಿಗೆ ಪಟ್ಟಣದಲ್ಲಿ ದೊರೆಯದ ಏಕಾಗ್ರತೆ ದೊರೆಯುತ್ತದೆ. ಹೆಂಚಿನ ಮೇಲೆ ಬೀಳುವ ಮಳೆಯು ಶ್ರುತಿಯಂತೆ ಹಿಂದೆ ನಿಲ್ಲುತ್ತದೆ. ಅದರ ಮುಂದೆ ಬಹುವಾದ್ಯಗಳ ಗದ್ದಲವು ಗೋಜಲಾಗಿ ಕೇಳಿಸುತ್ತದೆ, ಒಂದೇ ತಂತಿಯ ನಾದವು ಸ್ಪಷ್ಟವಾಗಿ ಕೇಳಿಸುತ್ತದೆ. ಆದುದರಿಂದ ಒಂದು ದನಿಯನ್ನೂ ಒಂದೆರಡು ವಾದ್ಯಗಳನ್ನೂ ಮಾತ್ರ ಆಶ್ರಯಿಸಿರುವ, ಪ್ರೇಮಭಂಗದ ದುಃಖವನ್ನೇ ವಸ್ತುವಾಗಿ ಉಳ್ಳ ಗಾನಸಂಪುಟಗಳ ವಿಚಾರವನ್ನು ಇಂಥ ನಾಡಿನ ಕಿವಿಯಿಂದ ಪರೀಕ್ಷಿಸುವುದು ಅನುಚಿತವಾಗದು.

ಈ ಜಾತಿಯ ಸಂಪುಟಗಳಲ್ಲಿ ಮಾದರಿಯೆಂದು ಲೋಕವು ಎಣಿಸಿರುವುದು ಕೆನಡಾ ದೇಶದ ಗಾಯಕಿ ಜೋನಿ ಮಿಚೆಲ್ ಅವರ 'ಬ್ಲೂ' ಎಂಬುದು. ಇದು 1971ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು. ಹತ್ತು ಹಾಡುಗಳು, ಬದಿಗೆ ಐದರಂತೆ. ಒಟ್ಟು ಕಾಲ ಸುಮಾರು 36 ನಿಮಿಷ. ಕವಿತೆ, ರಾಗಸಂಯೋಜನೆ, ಗಾಯನ ಮೂರೂ ಒಬ್ಬರವೇ. ಇಂದಿನ ದಿನಗಳಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ರಜೆಗೆ ಊರಿಗೆ ಬಂದಾಗ ತಮ್ಮ ಫೋನಿನಲ್ಲಿ ಇಂಥವನ್ನು ತರುತ್ತಾರೆ. ಮನೆಯ ಹಿರಿಯರಿಗೂ ಅವು ಕಿವಿಗೆ ಬೀಳುತ್ತವೆ. ಆಗ ಹುಟ್ಟುವ ಪ್ರಶ್ನೆ ಸಹಜವಾದುದು: ಒಬ್ಬಳು ತನ್ನ ಮುರಿದ ಪ್ರೇಮವನ್ನು ಊರಿಗೆಲ್ಲ ಕೇಳುವಂತೆ ಹಾಡುವುದರಲ್ಲಿ ರಸವೇನಿದೆ? ಇದು ಕಲೆಯೋ, ಬರಿಯ ಗೋಳೋ?

ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಪಶ್ಚಿಮದ ವಿಮರ್ಶಕರ ಬಳಿಗೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಅಗಲಿಕೆಯ ವಿಚಾರದಲ್ಲಿ ಭಾರತೀಯ ಆಲಂಕಾರಿಕರಷ್ಟು ಸೂಕ್ಷ್ಮವಾಗಿ ಚಿಂತಿಸಿದವರು ವಿರಳ. ಭರತಮುನಿಯು ವಿಪ್ರಲಂಭ ಶೃಂಗಾರಕ್ಕೂ ಕರುಣಕ್ಕೂ ಭೇದವನ್ನು ಹೇಳುವಾಗ ಒಂದೇ ಒಂದು ಗೆರೆಯನ್ನು ಎಳೆದಿದ್ದಾನೆ. ಎರಡರಲ್ಲಿಯೂ ಕಣ್ಣೀರುಂಟು, ನಿಟ್ಟುಸಿರುಂಟು, ಚಿಂತೆಯುಂಟು; ಆದರೆ ವಿಪ್ರಲಂಭದಲ್ಲಿ ಪುನಃ ಸೇರುವ ಅಪೇಕ್ಷೆ ಉಳಿದಿರುತ್ತದೆ, ಕರುಣದಲ್ಲಿ ಅದು ಅಳಿದಿರುತ್ತದೆ. ಮಮ್ಮಟನು ವಿಪ್ರಲಂಭವನ್ನು ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ ಎಂದು ಐದು ಬಗೆಯಾಗಿ ಎಣಿಸುತ್ತಾನೆ. ಕಾಳಿದಾಸನ ಯಕ್ಷನದು ಶಾಪದಿಂದ ಬಂದ ಅಗಲಿಕೆ. ಅದಕ್ಕೆ ಒಂದು ವರ್ಷದ ಅವಧಿಯುಂಟು. ಪ್ರವಾಸಕ್ಕೆ ಹೋದವನು ಹಿಂದಿರುಗುತ್ತಾನೆ. ಈರ್ಷ್ಯೆಯಿಂದ ಮುನಿದವಳು ಒಲಿಯುತ್ತಾಳೆ. ಬಾಣನ ಕಾದಂಬರಿಯಲ್ಲಿ ಮಹಾಶ್ವೇತೆಯ ಪ್ರಿಯನು ಮೃತನಾದರೂ, ಮತ್ತೆ ಸಮಾಗಮವುಂಟೆಂದು ಅಶರೀರವಾಣಿ ನುಡಿದೊಡನೆ ಅವಳ ಶೋಕವು ಕರುಣದ ಎಲ್ಲೆಯಿಂದ ವಿಪ್ರಲಂಭದ ಕಡೆಗೆ ಸರಿಯುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮನು ಈ ಕಥೆಯನ್ನು ಕನ್ನಡಕ್ಕೆ ತಂದುದರಿಂದ ಕನ್ನಡಿಗರಿಗೂ ಈ ಸೂಕ್ಷ್ಮವು ಹಳೆಯದೇ.

ಈಗ ಹೊಸ ಕಾಲದ ಪ್ರೇಮಭಂಗವನ್ನು ಈ ತಕ್ಕಡಿಯಲ್ಲಿ ತೂಗಿ ನೋಡಬೇಕು. ಇಲ್ಲಿ ಶಾಪವಿಲ್ಲ, ಪ್ರವಾಸವಿಲ್ಲ, ಮೃತ್ಯುವಿಲ್ಲ. ಇಬ್ಬರು ಬದುಕಿದ್ದಾರೆ; ಒಂದೇ ಊರಿನಲ್ಲಿಯೇ ಇರಬಹುದು; ಆದರೆ ಇನ್ನು ಕೂಡುವುದಿಲ್ಲವೆಂದು ತಾವೇ ನಿಶ್ಚಯಿಸಿಕೊಂಡಿದ್ದಾರೆ. ಪ್ರಿಯನು ಬದುಕಿರುವುದರಿಂದ ಇದು ಶೋಕವಾಗಲೊಲ್ಲದು; ಅಪೇಕ್ಷೆಗೆ ಆಧಾರವಿಲ್ಲವಾದುದರಿಂದ ವಿಪ್ರಲಂಭವಾಗಲೊಲ್ಲದು. ಕಲಹಾಂತರಿತೆಯೆಂಬ ನಾಯಿಕೆ ಇದಕ್ಕೆ ಸಮೀಪದವಳು. ಆದರೆ ಅವಳ ಪಶ್ಚಾತ್ತಾಪಕ್ಕೆ ಸಖಿಯೊಬ್ಬಳು ದಾರಿ ತೋರುತ್ತಾಳೆ. ಇಲ್ಲಿ ಸಖಿಯೂ ಇಲ್ಲ, ದೂತಿಯೂ ಇಲ್ಲ, ಅಶರೀರವಾಣಿಯಂತೂ ಇಲ್ಲವೇ ಇಲ್ಲ. ಪ್ರಾಚೀನರ ಎರಡು ರಸಗಳ ನಡುವಣ ಗಡಿಯಲ್ಲಿ ನಿಂತಿರುವ ಈ ದುಃಖಕ್ಕೆ ಒಂದು ರೂಪವನ್ನು ಕೊಡುವುದೇ ಇಂಥ ಗಾನಸಂಪುಟದ ಕೆಲಸ.

ಇಲ್ಲಿಯೇ ಮೊದಲ ಶ್ರವಣದ ಮಹತ್ತ್ವವು ತಿಳಿದುಬರುತ್ತದೆ. ಸಂಪುಟವನ್ನು ಮೊದಲ ಬಾರಿಗೆ ಕೇಳುವವನಿಗೆ ಕಡೆಯ ಹಾಡು ಏನನ್ನು ಹೇಳಲಿದೆಯೆಂಬುದು ತಿಳಿಯದು. ಐದನೆಯ ಹಾಡಿನಲ್ಲಿ ಕತ್ತಲೆ ಕವಿದರೂ ಆರನೆಯ ಹಾಡಿನಲ್ಲಿ ಬೆಳಕು ಬಂದೀತೆಂದು ಅವನು ಕಾಯುತ್ತಾನೆ. ಹಾಡುವವಳಿಗಿಲ್ಲದ ಅಪೇಕ್ಷೆ ಕೇಳುವವನಲ್ಲಿ ಉಳಿದಿರುತ್ತದೆ. ಎರಡನೆಯ ಬಾರಿ ಕೇಳುವಾಗ ಅದು ಇಲ್ಲ; ಮುಗಿವು ಗೊತ್ತಾಗಿಬಿಟ್ಟಿದೆ. ಹೀಗಾಗಿ ಅದೇ ಸಂಪುಟವು ಮೊದಲ ಶ್ರವಣದಲ್ಲಿ ವಿಪ್ರಲಂಭವೂ ಎರಡನೆಯ ಶ್ರವಣದಲ್ಲಿ ಕರುಣವೂ ಆಗುತ್ತದೆ. ಒಂದೇ ಕೃತಿಯು ಹಾಡಿನ ಒಂದಕ್ಷರವೂ ಬದಲಾಗದೆ ರಸವನ್ನು ಬದಲಿಸುವುದು ಸಾಮಾನ್ಯವಾದ ಸಂಗತಿಯಲ್ಲ. ಮೊದಲ ಬಾರಿಗೆ ಕೇಳಿದ ದಿನವನ್ನು ರಸಿಕರು ವರ್ಷಗಳ ಮೇಲೂ ನೆನೆಯುವುದಕ್ಕೆ ಕಾರಣವು ಇದೇ ಇರಬೇಕು.

'ಬ್ಲೂ' ಸಂಪುಟದ ಅನುಕ್ರಮವು ಈ ಮಾತಿಗೆ ಒಳ್ಳೆಯ ದೃಷ್ಟಾಂತ. ಮೊದಲ ಹಾಡು ಪ್ರಯಾಣದ ಹಂಬಲದಿಂದಲೂ ಪ್ರೇಮದ ಆಸೆಯಿಂದಲೂ ತೊಡಗುತ್ತದೆ. ಅದಕ್ಕೆ ಜೊತೆಯಾಗಿರುವುದು ಡಲ್ಸಿಮರ್ ಎಂಬ ವಾದ್ಯ. ಇದು ಅಮೆರಿಕೆಯ ಅಪಲಾಚಿಯನ್ ಬೆಟ್ಟಗಾಡಿನ ಜನರು ತೊಡೆಯ ಮೇಲೆ ಇಟ್ಟುಕೊಂಡು ನುಡಿಸತಕ್ಕದ್ದು. ಮೂರು ನಾಲ್ಕು ತಂತಿಗಳುಳ್ಳದ್ದು. ಒಂದು ಬದಿಯ ತಂತಿ ರಾಗವನ್ನು ನುಡಿಯುವಾಗ ಉಳಿದವು ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತವೆ. ತಂಬೂರಿ, ಏಕತಾರಿಗಳ ನಾದಕ್ಕೆ ಒಗ್ಗಿದ ಕಿವಿಗೆ ಇದು ಪರಕೀಯವೆನಿಸದು. ಇಂಗ್ಲಿಷ್ ಅರಿಯದ ಅಜ್ಜಿಯೊಬ್ಬಳು ಹೆತ್ತೂರಿನ ಜಗಲಿಯಲ್ಲಿ ಕುಳಿತು ಇದನ್ನು ಕೇಳಿದರೂ ಆ ನಿಂತ ಶ್ರುತಿಯ ಮೇಲೆ ನೆಲೆಯಿಲ್ಲದ ಒಂದು ದನಿ ಏರಿಳಿಯುತ್ತಿರುವುದನ್ನು ಅರಿಯದಿರಲಾರಳು. ಮಾತು ಅರ್ಥವಾಗುವುದಕ್ಕೆ ಮೊದಲು ಈ ವಿರೋಧವೇ ಅರ್ಥವಾಗುತ್ತದೆ: ನಿಂತದ್ದೊಂದು, ಅಲೆಯುವುದೊಂದು.

ಎರಡನೆಯ ಹಾಡು ಸುಖದಾಂಪತ್ಯದಂತಿರುವ ಒಂದು ಬಾಳನ್ನು ಪಿಯಾನೊ ವಾದ್ಯದೊಡನೆ ಹೇಳುತ್ತದೆ. ಮೂರನೆಯದಾದ 'ಲಿಟಲ್ ಗ್ರೀನ್' ಒಂದು ಮಗುವನ್ನು ಕುರಿತದ್ದು. ಗಾಯಕಿಯು 1965ರಲ್ಲಿ ಹೆತ್ತ ಮಗಳನ್ನು ಬಡತನದ ದೆಸೆಯಿಂದ ದತ್ತಕಕ್ಕೆ ಒಪ್ಪಿಸಿದ್ದಳು. ತಾಯಿ ಮಗಳು ಮತ್ತೆ ಕಂಡದ್ದು 1997ರಲ್ಲಿ. ಸಂಪುಟವು ಹೊರಬಂದಾಗ ಕೇಳುಗರಿಗೆ ಈ ಸಂಗತಿ ತಿಳಿದಿರಲಿಲ್ಲ. ಆದರೂ ಹಾಡು ನಿಂತಿತು. ಕವಿಯ ಜೀವನಚರಿತ್ರೆಯನ್ನು ಬಲ್ಲವನಿಗೆ ಮಾತ್ರ ರಸಾಸ್ವಾದ ಸಾಧ್ಯವೆನ್ನುವವರಿಗೆ ಇದೇ ತಕ್ಕ ಸಮಾಧಾನ. ನಾಲ್ಕನೆಯ ಹಾಡು ಗ್ರೀಸ್ ದೇಶದ ಕ್ರೀಟ್ ದ್ವೀಪದ ಉಲ್ಲಾಸದ ದಿನಗಳನ್ನು ಹಾಡುತ್ತದೆ. ಐದನೆಯದಾಗಿ, ಸಂಪುಟಕ್ಕೆ ಹೆಸರನ್ನು ಕೊಟ್ಟ ಹಾಡು ಬರುತ್ತದೆ. ಪಿಯಾನೊ ಒಂದೇ ಉಳಿಯುತ್ತದೆ. ಮೊದಲ ಬಾರಿಗೆ ಕೇಳುವವನಿಗೆ ಉಲ್ಲಾಸದಿಂದ ಈ ಏಕಾಂತಕ್ಕೆ ಬೀಳುವಲ್ಲಿ ಮೆಟ್ಟಿಲೊಂದು ತಪ್ಪಿದಂತಾಗುತ್ತದೆ.

ಎರಡನೆಯ ಬದಿಯಲ್ಲಿರುವ 'ರಿವರ್' ಎಂಬ ಹಾಡು ಇಡೀ ಸಂಪುಟದಲ್ಲಿ ಹೆಚ್ಚು ಪರಿಶೀಲನೆಗೆ ಯೋಗ್ಯವಾದುದು. ಅದರ ಮೊದಲಲ್ಲಿ ಕ್ರಿಸ್ಮಸ್ ಹಬ್ಬದ ಪರಿಚಿತವಾದ ಸಂತೋಷಗೀತೆಯೊಂದರ ಧಾಟಿಯನ್ನು ಪಿಯಾನೊ ನುಡಿಸುತ್ತದೆ. ಆದರೆ ಅದು ಮಬ್ಬಾಗಿ, ಬಾಗಿ, ದುಃಖಕ್ಕೆ ತಿರುಗಿರುತ್ತದೆ. ಎಲ್ಲರ ಮನೆಯಲ್ಲಿ ಹಬ್ಬವಾಗುತ್ತಿರುವಾಗ ಅಗಲಿದವರ ದುಃಖ ಇಮ್ಮಡಿಸುವುದನ್ನು ದೀಪಾವಳಿಯ ರಾತ್ರಿಯೋ ಸುಗ್ಗಿಯ ದಿನವೋ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹಾಡುವವಳು ಹೆಪ್ಪುಗಟ್ಟಿದ ನದಿಯೊಂದಿದ್ದರೆ ಅದರ ಮೇಲೆ ಜಾರಿಕೊಂಡು ದೂರ ಹೋಗಿಬಿಡುತ್ತಿದ್ದೆನೆಂದು ಹಾರೈಸುತ್ತಾಳೆ. ಇದು ಚಳಿನಾಡಿನ ಪ್ರತಿಮೆ. ಮಲೆನಾಡಿನ ಹೊಳೆ ಹೆಪ್ಪುಗಟ್ಟುವುದಿಲ್ಲ. ಆಷಾಢದಲ್ಲಿ ಉಕ್ಕಿ ದಾರಿಯನ್ನು ಕಟ್ಟುತ್ತದೆ. ಅಲ್ಲಿ ನದಿ ತಪ್ಪಿಸಿಕೊಳ್ಳುವ ದಾರಿ, ಇಲ್ಲಿ ನದಿ ತಪ್ಪಿಸಿಕೊಳ್ಳಗೊಡದ ಅಡ್ಡಿ. ಪ್ರತಿಮೆಯು ತಲೆಕೆಳಗಾದರೂ ಭಾವವು ಕೆಡುವುದಿಲ್ಲ. ತನ್ನ ದುಃಖದಿಂದ ತಾನೇ ಓಡಿಹೋಗಲಾರದ ಸಂಕಟ ಎರಡು ಕಡೆಯಲ್ಲಿಯೂ ಒಂದೇ. ದೇಶವೊಂದರ ಹಾಡು ಇನ್ನೊಂದು ದೇಶದಲ್ಲಿ ಬಾಳುವುದು ಇಂಥ ಅಂತರಾರ್ಥದ ಬಲದಿಂದ.

ದೋಷಗಳಿಲ್ಲವೆಂದಲ್ಲ. ವಿಮಾನಪ್ರಯಾಣದ ಹಾಡಿನಲ್ಲಿ ದನಿಯನ್ನು ರೇಡಿಯೋವಿನೊಳಗಿಂದ ಬಂದಂತೆ ಮಾರ್ಪಡಿಸಿರುವುದು ಒಂದು ಚಮತ್ಕಾರವಾಯಿತೇ ಹೊರತು ರಸಪೋಷಕವಾಗಲಿಲ್ಲ. ಉಳಿದೆಡೆಯಲ್ಲೆಲ್ಲ ಪಾಲಿಸಿದ ಸಂಯಮವನ್ನು ಅದು ಕದಡುತ್ತದೆ. ತಾಳವಾದ್ಯವು ಕೆಲವು ಹಾಡುಗಳಲ್ಲಿ ಮಾತ್ರ ಇರುವುದು ಒಳ್ಳೆಯದೇ ಆಯಿತು. ಕಡೆಯ ಹಾಡಿನಲ್ಲಿ ಹಳೆಯ ಗೆಳೆಯನೊಬ್ಬನು ಪ್ರೇಮವನ್ನು ಹೀಯಾಳಿಸಿ, ಆಮೇಲೆ ಮದುವೆಯಾಗಿ, ಮನೆಯ ಸಲಕರಣೆಗಳ ನಡುವೆ ನೆಲೆಸಿದ ವಾರ್ತೆ ಬರುತ್ತದೆ. ಹಾಡುವವಳು ಕತ್ತಲೆಯ ಕಾಫಿಯಂಗಡಿಯಲ್ಲಿ ಒಬ್ಬಳೇ ಉಳಿಯುತ್ತಾಳೆ. ಇದು ಕೊನೆಯಲ್ಲ, ಒಂದು ಅವಸ್ಥೆ ಮಾತ್ರವೆಂದು ಅವಳು ಹೇಳಿಕೊಳ್ಳುವಂತೆ ತೋರುತ್ತದೆ. ಆದರೆ ಸಂಪುಟವು ಅಲ್ಲಿಗೇ ಮುಗಿಯುತ್ತದೆ. ಕೇಳುಗನ ಅಪೇಕ್ಷೆಯನ್ನು ಪೂರೈಸದೆಯೂ ಪೂರ್ತಿಯಾಗಿ ಕೊಲ್ಲದೆಯೂ ಬಿಟ್ಟಿರುವುದೇ ಈ ಮುಗಿವಿನ ಹಿರಿಮೆ.

ಇನ್ನು ಗೋಳಿನ ಆಕ್ಷೇಪ. ಭಟ್ಟನಾಯಕನು ಸಾಧಾರಣೀಕರಣವೆಂಬ ಮಾತನ್ನು ಹೇಳಿದುದು ಇದಕ್ಕಾಗಿಯೇ. ಒಬ್ಬನ ದುಃಖವು ಒಬ್ಬನದಾಗಿಯೇ ಉಳಿದರೆ ಅದು ಲೌಕಿಕ. ಕೇಳುವವನಿಗೆ ಸಂಕೋಚವನ್ನೋ ಕನಿಕರವನ್ನೋ ಮಾತ್ರ ಹುಟ್ಟಿಸೀತು. ಅದು ಯಾರದೂ ಅಲ್ಲದ್ದಾಗಿ ಎಲ್ಲರದೂ ಆದಾಗ ರಸ. ಪಶ್ಚಿಮದ ಪತ್ರಿಕೆಗಳು 'ಬ್ಲೂ' ಸಂಪುಟವನ್ನು ಆತ್ಮನಿವೇದನೆಯೆಂದು ಹೊಗಳಿ, ಯಾವ ಹಾಡು ಯಾವ ಪ್ರಿಯನನ್ನು ಕುರಿತದ್ದೆಂದು ಲೆಕ್ಕ ಹಾಕಿವೆ. ಆ ಹೊಗಳಿಕೆಯೇ ಕೃತಿಗೆ ಅಪಚಾರ. ಸಂಪುಟವು ಉಳಿದಿರುವುದು ನಿವೇದನೆಯಿಂದಲ್ಲ, ಮಿತಿಯಿಂದ. ವಾದ್ಯ ಕಡಿಮೆ, ಕಾಲ ಕಡಿಮೆ, ದೂಷಣೆ ಅದಕ್ಕಿಂತ ಕಡಿಮೆ. ಬಿಟ್ಟುಹೋದವನನ್ನು ಬೈಯುವುದಕ್ಕಿಂತ ತನ್ನ ತಪ್ಪನ್ನು ಎಣಿಸಿಕೊಳ್ಳುವುದೇ ಹೆಚ್ಚು. ಅಳುವವಳು ಅಳುವನ್ನು ಅಳತೆಯಲ್ಲಿಟ್ಟಿದ್ದಾಳೆ. ಈ ಅಳತೆಯಿಂದಲೇ ಅವಳ ದುಃಖವು ಎಲ್ಲರದಾಯಿತು.

ಹಾಗಾದರೆ ಕನ್ನಡದಲ್ಲಿ ಇದಕ್ಕೆ ಸಮಾನವಾದುದೇನಿದೆ? ಕನ್ನಡದ ಮನೆಗಳಿಗೆ ಭಾವಗೀತೆಯು ಧ್ವನಿಸುರುಳಿಯ ರೂಪದಲ್ಲಿ ಬಂದದ್ದು 1978ರಲ್ಲಿ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಸಂಯೋಜಿಸಿದ 'ನಿತ್ಯೋತ್ಸವ'ವು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ. ಅದಕ್ಕೆ ಮೊದಲು ಪಿ. ಕಾಳಿಂಗರಾಯರ ಗಾನವು ಕವಿತೆಯನ್ನು ಪುಸ್ತಕದಿಂದ ಎತ್ತಿ ಜನರ ಕಿವಿಗೆ ತಂದಿತ್ತು, ಅನಂತರ ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಮೊದಲಾದವರು ಆ ಕೆಲಸವನ್ನು ಹರಡಿದರು. ಅಗಲಿಕೆಯ ಹಾಡುಗಳಿಗೆ ಅಲ್ಲಿ ಬಡತನವಿಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರ ಮಲ್ಲಿಗೆ'ಯಲ್ಲಿ (1942) ತವರಿಗೆ ಹೋದ ಮಡದಿ ಗಂಡನಿಗೆ ಬರೆದ ಓಲೆಯುಂಟು. ಅದು ಪ್ರವಾಸವಿಪ್ರಲಂಭದ ಗೃಹಸ್ಥರೂಪ, ಅಲ್ಲಿ ಮುನಿಸಿನಲ್ಲಿಯೂ ನಗೆಯಿದೆ. ಬೇಂದ್ರೆಯವರು ಮಗುವಿನ ಸಾವಿನಲ್ಲಿ ಮಡದಿಯ ನೋಟವನ್ನು ಎದುರಿಸಲಾರದೆ ಬರೆದ ಕವಿತೆಯು ಅಪ್ಪಟ ಕರುಣ. ಈ ಎರಡರ ನಡುವಣ ಗಡಿಯಲ್ಲಿ, ಶಾಪವೂ ಸಾವೂ ಇಲ್ಲದ ಆಧುನಿಕ ಅಗಲಿಕೆಯ ನೆಲೆಯಲ್ಲಿ ನಿಂತಿರುವುದು ನಿಸಾರರ 'ಮತ್ತದೇ ಬೇಸರ'.

ಆ ಹೆಸರನ್ನೇ ಪರಿಶೀಲಿಸಬೇಕು. 'ಮತ್ತೆ' ಎಂಬ ಮಾತಿನಿಂದ ಕವಿತೆ ತೊಡಗುತ್ತದೆ. ದುಃಖವು ಇಲ್ಲಿ ಹೊಸದಾಗಿ ಬಂದ ಅತಿಥಿಯಲ್ಲ. ದಿನವೂ ಸಂಜೆಗೆ ಬರುವ ಪರಿಚಿತ. ಪಾಶ್ಚಾತ್ಯ ಸಂಪುಟವು ಮೊದಲ ಶ್ರವಣದಲ್ಲಿ ಅಪೇಕ್ಷೆಯನ್ನು ಉಳಿಸಿ ಎರಡನೆಯದರಲ್ಲಿ ಅಳಿಸುವುದಾದರೆ, ಈ ಕವಿತೆಯನ್ನು ಮೊದಲ ಬಾರಿಗೆ ಕೇಳುವಾಗಲೇ ಅದು ಎರಡನೆಯ ಶ್ರವಣವಾಗಿರುತ್ತದೆ. ಕೇಳುಗನು ಕಥೆಯ ನಡುವಿಗೆ ಬಂದಿದ್ದಾನೆ. ಅಗಲಿಕೆ ಯಾವಾಗ ಆಯಿತು, ಯಾರಿಂದ ಆಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ದುಃಖವನ್ನು ಕಥೆಯಾಗಿ ಬೆಳೆಸದೆ ಅಭ್ಯಾಸವಾಗಿ ತೋರಿಸಿದ ಈ ರೀತಿಯು ಕನ್ನಡದ್ದೇ ಆದ ಒಂದು ಸಾಧನೆ.

ಆದರೆ ಇದು ಒಂದು ಹಾಡು, ಸಂಪುಟವಲ್ಲ. ಭಾವಗೀತೆಯ ಧ್ವನಿಸುರುಳಿಗಳನ್ನು ಕಟ್ಟುವ ರೂಢಿಯಲ್ಲಿ ನಾಡಿನ ಹಾಡಿನ ಪಕ್ಕಕ್ಕೆ ವಿರಹದ ಹಾಡು, ಅದರ ಪಕ್ಕಕ್ಕೆ ಮಕ್ಕಳ ಹಾಡೋ ವಿನೋದವೋ ಬರುತ್ತದೆ. ಕವಿಯ ವೈವಿಧ್ಯವನ್ನು ತೋರಿಸುವುದೇ ಉದ್ದೇಶ. ಒಂದೊಂದೂ ಮುತ್ತು, ದಾರ ಮಾತ್ರ ಕಾಣದು. ಕವಿ ಒಬ್ಬರು, ಸ್ವರಸಂಯೋಜಕರು ಇನ್ನೊಬ್ಬರು, ಗಾಯಕರು ಹಲವರಾಗಿರುವುದು ಇದಕ್ಕೆ ಒಂದು ಕಾರಣ. ಈ ವಿಭಾಗದಿಂದ ಒಂದು ಲಾಭವೂ ಉಂಟು: ದುಃಖವು ಯಾರದೆಂಬ ಕುತೂಹಲಕ್ಕೆ ಎಡೆಯಿಲ್ಲ; ಸಾಧಾರಣೀಕರಣವು ಪ್ರಯತ್ನವಿಲ್ಲದೆಯೇ ಒದಗುತ್ತದೆ. ನಷ್ಟವೆಂದರೆ, ಹತ್ತು ಹಾಡುಗಳ ಉದ್ದಕ್ಕೆ ಒಂದು ಭಾವವನ್ನು ನಡೆಸಿಕೊಂಡು ಹೋಗುವ ಹೊಣೆಯನ್ನು ಯಾರೂ ಹೊರುವುದಿಲ್ಲ. ಮೇಲಾಗಿ ಚರಣಗಳ ನಡುವೆ ಕೊಳಲು, ಸಿತಾರು, ಪಿಟೀಲುಗಳ ಗುಂಪನ್ನು ತುಂಬುವ ಅಭ್ಯಾಸವು ವಿರಹಗೀತೆಗೆ ಅನೇಕ ವೇಳೆ ಭಾರವಾಗಿದೆ. ಏಕಾಂತವನ್ನು ಹಾಡುವ ಕವಿಯ ಸುತ್ತ ಇಷ್ಟು ಜನ ನೆರೆದರೆ ಏಕಾಂತವೆಲ್ಲಿ ಉಳಿದೀತು? ಹಾರ್ಮೋನಿಯವೊಂದನ್ನು ಮುಂದಿಟ್ಟುಕೊಂಡು ಕವಿತೆಯನ್ನು ಹಾಡುವಾಗ ದೊರೆಯುವ ಆಪ್ತತೆ ಧ್ವನಿಮುದ್ರಣದಲ್ಲಿ ಕರಗಿಹೋಗುವುದನ್ನು ರಸಿಕರು ಬಲ್ಲರು.

ಚಲಚ್ಚಿತ್ರವೂ ಈ ಕೊರತೆಯನ್ನು ತುಂಬಲಾರದು. ಸಕಲೇಶಪುರದ ಸುತ್ತಣ ಮಳೆಯಲ್ಲಿ ಚಿತ್ರಿತವಾದ 'ಮುಂಗಾರು ಮಳೆ' (2006) ಅಗಲಿಕೆಯಲ್ಲಿಯೇ ಮುಗಿಯುವ ಕಥೆ. ಮನೋಮೂರ್ತಿಯವರ ರಾಗಗಳೂ ಜಯಂತ ಕಾಯ್ಕಿಣಿಯವರ ಮಾತುಗಳೂ ನಾಡನ್ನೇ ಆವರಿಸಿದುವು. ಆದರೆ ಚಿತ್ರದ ಹಾಡು ಕಥೆಯ ಆಳು. ಕುಣಿತಕ್ಕೂ ಅದು ಒದಗಬೇಕು, ವಿನೋದಕ್ಕೂ ಒದಗಬೇಕು. ದುಃಖದೊಡನೆ ಮೂವತ್ತಾರು ನಿಮಿಷ ಸುಮ್ಮನೆ ಕುಳಿತಿರುವ ಸ್ವಾತಂತ್ರ್ಯವು ಅದಕ್ಕಿಲ್ಲ.

ಹೀಗಿರುವಲ್ಲಿ ಕನ್ನಡದ ಕವಿಗಳೂ ಗಾಯಕರೂ ಯೋಚಿಸಬೇಕಾದ ಒಂದು ಕೆಲಸ ಉಳಿದಿದೆ. ಅಗಲಿಕೆಯೆಂಬ ಒಂದೇ ವಸ್ತುವನ್ನು ಹಿಡಿದು, ಹತ್ತು ಹಾಡುಗಳಿಗೆ ಒಂದು ಆದಿಯನ್ನೂ ಒಂದು ನಡೆಯನ್ನೂ ಒಂದು ಮುಗಿವನ್ನೂ ಕಲ್ಪಿಸಿ, ತಂಬೂರಿಯೊಂದು ಅಥವಾ ಗಿಟಾರ್ ಒಂದರ ಮಿತಿಯಲ್ಲಿ ಹಾಡುವುದು. ಇದು ಅನುಕರಣವಾಗಬೇಕಾಗಿಲ್ಲ. ಅಕ್ಕಮಹಾದೇವಿಯ ವಿರಹವಚನಗಳಿಂದ ಹಿಡಿದು ಬೀಸುಕಲ್ಲಿನ ಪದದವರೆಗೆ ಒಂಟಿದನಿಯ ಸಂಪ್ರದಾಯವು ಈ ನಾಡಿನಲ್ಲಿ ಸಾಕಷ್ಟಿದೆ. ಪ್ರೀತಿಸಿದವರು ಬದುಕಿದ್ದೂ ಬೇರೆಯಾಗುವ ದುಃಖವು ಇಂದು ಕಾಫಿ ತೋಟದ ಮನೆಗಳಿಗೂ ಹೊಸತಲ್ಲ. ಅದನ್ನು ಮರ್ಯಾದೆಯಿಂದ ಹೇಳುವ ಮಾತು ಮನೆಯ ಭಾಷೆಯಲ್ಲಿ ದೊರೆಯದಿದ್ದರೆ ಮಕ್ಕಳು ಅದನ್ನು ಪರಭಾಷೆಯಲ್ಲಿ ಹುಡುಕುವುದು ಸಹಜವೇ. ತಂದೆತಾಯಿಗಳಿಗೆ ಆಗ ಮಕ್ಕಳ ದುಃಖದ ಧಾಟಿ ಮಾತ್ರ ಕೇಳಿಸೀತು, ಮಾತು ಕೇಳಿಸದು.

ಕೇಳುಗರ ಹೊಣೆಯೂ ಒಂದುಂಟು. ಫೋನು ಹಾಡುಗಳ ಅನುಕ್ರಮವನ್ನು ಕಲಸಿ ಉಣಬಡಿಸುವ ಕಾಲವಿದು. ಮೂರನೆಯ ಹಾಡಿನ ಮೇಲೆ ಒಂಬತ್ತನೆಯದು, ಅದರ ಮೇಲೆ ಬೇರೊಬ್ಬರ ಹಾಡು ಬಂದರೆ ಕಾಯುವಿಕೆಯು ಉಳಿಯುವುದಿಲ್ಲ. ಮೊದಲ ಶ್ರವಣದ ರಸವು ಹುಟ್ಟುವುದಕ್ಕೆ ಮೊದಲೇ ಕೆಡುತ್ತದೆ. ಅದು ಒಂದೇ ಬಾರಿಗೆ ದೊರೆಯತಕ್ಕದ್ದಾದುದರಿಂದ ಸಹೃದಯರು ಅದನ್ನು ಅವಸರದಲ್ಲಿ ವ್ಯಯಮಾಡಬಾರದು. ಮಳೆಗಾಲದ ಒಂದು ಸಂಜೆ, ಕೆಲಸವೆಲ್ಲ ಮುಗಿದ ಮೇಲೆ, ಮೊದಲಿನಿಂದ ಕಡೆಯವರೆಗೆ, ನಡುವೆ ಮಾತಿಲ್ಲದೆ ಒಮ್ಮೆ ಕೇಳುವುದು ಯುಕ್ತ. ಹೆತ್ತೂರಿನಂಥ ಊರಿನಲ್ಲಿ ಅದಕ್ಕೆ ಬೇಕಾದ ಬಿಡುವೂ ಮೌನವೂ ವರ್ಷಕ್ಕೆ ನಾಲ್ಕು ತಿಂಗಳಾದರೂ ಉಂಟು.